ಬಾಡಿಗೆಯ ಅಟ್ಟ

ಅಟ್ಟ ಎಂಬುದು ಎರಡಕ್ಷರದ ಮಾತು. ಉಡುಪಿ ಸೀಮೆಯ ಹಳೆಯ ಮನೆಗಳಲ್ಲಿ ಈ ಎರಡಕ್ಷರ ಹೊತ್ತಿದ್ದ ಭಾರ ಎಷ್ಟೆಂಬುದನ್ನು ತಾರಸಿ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ವಿವರಿಸುವುದು ಸುಲಭವಲ್ಲ. ಒಲೆಯ ನೇರಕ್ಕೆ ಮೇಲಿದ್ದ ಅಟ್ಟದಲ್ಲಿ ಅಕ್ಕಿಯ ಮುಡಿ, ತೆಂಗಿನಕಾಯಿ, ಬಾಳೆನಾರಿನಲ್ಲಿ ಕಟ್ಟಿ ತೂಗಿಸಿದ ಸೌತೆಕಾಯಿ. ಅದಕ್ಕೂ ಆಚೆಯ ಕತ್ತಲೆಯಲ್ಲಿ ಮದುವೆಯ ದೊಡ್ಡ ಕಡಾಯಿ, ತೊಟ್ಟಿಲು, ಕಾಲು ಮುರಿದ ಕುರ್ಚಿ, ಅಜ್ಜನ ಕಾಲದ ಲೆಕ್ಕದ ಪುಸ್ತಕ. ಬೇಕೆಂದು ಹೇಳಲಾಗದ, ಬಿಸಾಡಲು ಮನಸ್ಸೂ ಬಾರದ ನೂರಾರು ವಸ್ತುಗಳಿಗೆ ಅದು ನೆಲೆ. ಕಾಣೆಯಾದ ಯಾವುದನ್ನೇ ಕೇಳಿದರೂ 'ಅಟ್ಟದಲ್ಲಿರಬೇಕು' ಎಂಬ ಒಂದೇ ಉತ್ತರ ಸಿಗುತ್ತಿತ್ತು. ಕಾಂಕ್ರೀಟಿನ ಮಾಡು ಬಂದಮೇಲೆ ಅಟ್ಟ ಹೋಯಿತು. ಕಿಟಕಿಯ ಮೇಲಿನ ಸಜ್ಜೆ, ಬಚ್ಚಲಿನ ಮೇಲಿನ ಎರಡಡಿ ಗೂಡು ಇವು ಅದರ ಸ್ಥಾನವನ್ನು ತುಂಬಲಾರದೆ ಹೋದವು. ವಸ್ತುಗಳು ಮಾತ್ರ ಕಡಿಮೆಯಾಗಲಿಲ್ಲ.

ಹೀಗೆ ಮನೆಯೊಳಗೆ ಇಲ್ಲವಾದ ಅಟ್ಟವನ್ನು ಮನೆಯ ಹೊರಗೆ ಬಾಡಿಗೆಗೆ ಕೊಡುವ ಒಂದು ವ್ಯಾಪಾರ ಜಗತ್ತಿನಲ್ಲಿ ಹುಟ್ಟಿಕೊಂಡಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಸೆಲ್ಫ್ ಸ್ಟೋರೇಜ್ ಎಂದು ಹೆಸರು. ದೊಡ್ಡ ಕಟ್ಟಡವೊಂದನ್ನು ಚಿಕ್ಕ ಚಿಕ್ಕ ಖಾನೆಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಪ್ರತ್ಯೇಕ ಬಾಗಿಲು ಇಟ್ಟು, ತಿಂಗಳ ಬಾಡಿಗೆಗೆ ಕೊಡುವುದು. ಬೀಗ ಗ್ರಾಹಕನದು, ಬೀಗದ ಕೈಯೂ ಅವನದೇ. ಒಳಗೆ ಏನಿದೆ ಎಂಬುದು ಅವನಿಗೆ ಮಾತ್ರ ಗೊತ್ತು. ಕಟ್ಟಡದ ಒಡೆಯನದು ಗೋಡೆ, ಮಾಡು ಮತ್ತು ಕಾವಲು. ಇಂಥದೊಂದನ್ನು ಮಣಿಪಾಲದಲ್ಲಿಯೋ ಕಾಪುವಿನಲ್ಲಿಯೋ ಆರಂಭಿಸಿದರೆ ಹೇಗೆ ಎಂದು ಪರಿಚಯದ ತರುಣನೊಬ್ಬ ನನ್ನನ್ನು ಕೇಳಿದ. ನಾನು ವ್ಯಾಪಾರಸ್ಥನಲ್ಲ. ಆದರೆ ಅವನ ಪ್ರಶ್ನೆಯ ಬೆನ್ನು ಹತ್ತಿ ಹೋದಂತೆ ಇದು ಬರಿಯ ವ್ಯಾಪಾರದ ವಿಷಯವಲ್ಲವೆಂದು ತೋರಿತು. ಹಾಗೆ ತೋರಿದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಈ ಪದ್ಧತಿಯ ತವರು ಅಮೆರಿಕ. 1960ರ ದಶಕದಲ್ಲಿ ಟೆಕ್ಸಾಸಿನ ಎಣ್ಣೆಬಾವಿಗಳ ಸೀಮೆಯಲ್ಲಿ ಇದು ಬೇರೂರಿತು. 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಪಬ್ಲಿಕ್ ಸ್ಟೋರೇಜ್ ಎಂಬ ಸಂಸ್ಥೆ ಇಂದು ಈ ವ್ಯವಹಾರದ ದೈತ್ಯ. ಅವರಿಗೆ ಮೊದಲು ಇದೊಂದು ತಾತ್ಕಾಲಿಕ ಉಪಾಯವಾಗಿತ್ತಂತೆ. ಊರು ಬೆಳೆಯುವವರೆಗೆ ಖಾಲಿ ಜಾಗದಲ್ಲಿ ನಾಲ್ಕು ಶೆಡ್ಡು ಕಟ್ಟಿ ಬಾಡಿಗೆ ಎತ್ತುವುದು, ಜಾಗದ ಬೆಲೆ ಏರಿದಾಗ ಮಾರುವುದು. ಶೆಡ್ಡುಗಳೇ ಜಾಗಕ್ಕಿಂತ ಹೆಚ್ಚು ಗಳಿಸತೊಡಗಿದಾಗ ಲೆಕ್ಕಾಚಾರ ತಲೆಕೆಳಗಾಯಿತು. ನಮ್ಮಲ್ಲಿ ಬೆಂಗಳೂರಿನಲ್ಲಿ ಸೇಫ್‌ಸ್ಟೋರೇಜ್, ಸ್ಟೋನೆಸ್ಟ್ ಮುಂತಾದ ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ. ಆದರೆ ಇಲ್ಲಿ ಹೆಚ್ಚಾಗಿ ನಡೆಯುವುದು ಬೇರೊಂದು ಕ್ರಮ. ಸಂಸ್ಥೆಯ ಆಳುಗಳೇ ಮನೆಗೆ ಬಂದು, ಸಾಮಾನನ್ನು ಕಟ್ಟಿ, ಪಟ್ಟಿ ಮಾಡಿ, ಊರ ಹೊರಗಿನ ಗೋದಾಮಿಗೆ ಸಾಗಿಸುತ್ತಾರೆ. ಬೇಕಾದಾಗ ತಂದುಕೊಡುತ್ತಾರೆ. ಕೈಯಾರೆ ಹೊತ್ತು ಇಟ್ಟುಬರುವ ಅಭ್ಯಾಸ ಅಮೆರಿಕದವರದು. ಆಳು ಹೊರಲಿ ಎನ್ನುವುದು ನಮ್ಮದು. ಈ ಚಿಕ್ಕ ವ್ಯತ್ಯಾಸದಿಂದ ದೊಡ್ಡ ಪರಿಣಾಮಗಳಿವೆ. ಅದಕ್ಕೆ ಮುಂದೆ ಬರುತ್ತೇನೆ.

ಉಡುಪಿಯಂಥ ಊರಿನಲ್ಲಿ ಇದಕ್ಕೆ ಗಿರಾಕಿಗಳು ಯಾರು? ಮೊದಲು ಕಣ್ಣಿಗೆ ಬೀಳುವವರು ಮಣಿಪಾಲದ ವಿದ್ಯಾರ್ಥಿಗಳು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ಬೋಳು ಮುರಕಲ್ಲಿನ ಗುಡ್ಡವಾಗಿದ್ದ ಆ ನೆಲಕ್ಕೆ ಇಂದು ದೇಶದ ಮೂಲೆಮೂಲೆಗಳಿಂದ ಮಕ್ಕಳು ಬರುತ್ತಾರೆ. ವರ್ಷ ಮುಗಿದಾಗ ಕೋಣೆ ಬದಲಾಗುತ್ತದೆ. ಹಾಸಿಗೆ, ಪುಸ್ತಕದ ಪೆಟ್ಟಿಗೆ, ಫ್ಯಾನು, ಬೈಸಿಕಲ್ಲು ಇವನ್ನೆಲ್ಲ ದಿಲ್ಲಿಗೋ ಗುವಾಹಟಿಗೋ ಒಯ್ದು ಮತ್ತೆ ತರುವಂತಿಲ್ಲ. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಕೈಗೆ ಸಿಕ್ಕಿದ ಚೀಲ ಹಿಡಿದು ಊರಿಗೆ ಹೋದ ವಿದ್ಯಾರ್ಥಿಗಳ ಸಾಮಾನು ಎಲ್ಲ ವಿದ್ಯಾಕೇಂದ್ರಗಳಲ್ಲಿಯೂ ತಿಂಗಳುಗಟ್ಟಲೆ ಬಾಡಿಗೆ ಕೋಣೆಗಳಲ್ಲಿಯೇ ಉಳಿಯಿತು. ವರ್ಗವಾಗಿ ಹೋಗುವ ಬ್ಯಾಂಕಿನವರು, ಎರಡು ವರ್ಷಕ್ಕೆಂದು ಪರದೇಶಕ್ಕೆ ಹೊರಟ ವೈದ್ಯರು ಇವರೂ ಇದೇ ಗುಂಪಿಗೆ ಸೇರಿದವರು. ಇವರದು ಸರಳವಾದ ಪ್ರಶ್ನೆ: ಇಂತಿಷ್ಟು ಕಾಲ, ಇಂತಿಷ್ಟು ಸಾಮಾನು. ಹೋದವರು ತಿರುಗಿ ಬರುತ್ತಾರೆ.

ಎರಡನೆಯ ವರ್ಗದವರ ಕಥೆ ಅಷ್ಟು ಸರಳವಲ್ಲ. ಈ ನೆಲದ ಬಂಟರು, ಬಿಲ್ಲವರು ಮುಂತಾದವರಲ್ಲಿ ಅಳಿಯಕಟ್ಟಿನ ಕೂಡುಕುಟುಂಬದ ಆಸ್ತಿ ಪಾಲಾಗುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ತೆರೆಯಿತು. ಮುಂದೆ ಭೂಸುಧಾರಣೆಯ ತಿದ್ದುಪಡಿ ಬಂದು 1974ರ ಮಾರ್ಚ್ 1ರಿಂದ ಗೇಣಿಭೂಮಿ ಒಕ್ಕಲುಗಳ ಪಾಲಿಗೆ ಬಂತು. ನ್ಯಾಯದ ದೃಷ್ಟಿಯಿಂದ ಅದು ಆಗಬೇಕಾಗಿದ್ದ ಕೆಲಸವೇ. ನಾನು ಹೇಳಹೊರಟದ್ದು ಅದರ ಇನ್ನೊಂದು ಪರಿಣಾಮ. ಗೇಣಿಯ ಮುಡಿಗಳು ಬಂದು ಬೀಳುವುದಕ್ಕಾಗಿಯೇ ಕಟ್ಟಿದ ಚಾವಡಿ, ಕಣಜ, ಪತ್ತಾಯಗಳಿಗೆ ಅಂದಿನಿಂದ ಕೆಲಸವಿಲ್ಲದಾಯಿತು. ಅಷ್ಟರಲ್ಲಿ ಮನೆಯ ಮಕ್ಕಳು ಮುಂಬಯಿಯ ಹೋಟೆಲುಗಳಿಗೂ ಬ್ಯಾಂಕುಗಳಿಗೂ, ಅನಂತರ ಕೊಲ್ಲಿ ದೇಶಗಳಿಗೂ ಹೋಗಿಯಾಗಿತ್ತು. ಕಾಪುವಿನಿಂದ ಕಾರ್ಕಳದವರೆಗೆ ಒಳದಾರಿಯಲ್ಲಿ ಹೋದರೆ ಬೀಗ ಹಾಕಿದ ದೊಡ್ಡ ಮನೆಗಳು ಇಂದೂ ಕಾಣಸಿಗುತ್ತವೆ. ಒಂದು ದಿನ ಆ ಮನೆ ಪಾಲಾಗುತ್ತದೆ, ಇಲ್ಲವೆ ಬೀಳುತ್ತದೆ. ಆಗ ಹಲಸಿನ ಮರದ ಪತ್ತಾಯ, ಹಿತ್ತಾಳೆಯ ಹಂಡೆ, ತೂಗುಮಂಚ, ಗೋಡೆಯ ಮೇಲಿನ ಪಟಗಳು ಇವನ್ನು ಎಲ್ಲಿಡುವುದು? ಮುಂಬಯಿಯ ಎರಡು ಕೋಣೆಯ ಮನೆಗೆ ತೂಗುಮಂಚ ಹೋಗುವುದಿಲ್ಲ.

ಇಂಥ ಸಾಮಾನಿಗೆ ಇದುವರೆಗೆ ಒಂದು ಪುಕ್ಕಟೆ ಉಗ್ರಾಣವಿತ್ತು: ನೆಂಟರ ಮನೆ. 'ಸ್ವಲ್ಪ ದಿನ ನಿಮ್ಮಲ್ಲಿರಲಿ' ಎಂದು ಇಟ್ಟುಹೋದ ಪೆಟ್ಟಿಗೆ ಇಪ್ಪತ್ತು ವರ್ಷ ಅಲ್ಲಿಯೇ ಇರುತ್ತಿತ್ತು. ಬಾಡಿಗೆಯಿಲ್ಲ ನಿಜ; ಆದರೆ ಋಣವಿಲ್ಲವೆ? ಇಟ್ಟವನು ಪ್ರತಿಯೊಂದು ರಜೆಯಲ್ಲಿಯೂ ಅವರ ಮನೆಗೆ ಹೋಗಿ ತಲೆ ತೋರಿಸಬೇಕು. ಅವರ ಮನೆಯ ಮದುವೆಗೆ ತಪ್ಪುವಂತಿಲ್ಲ. ಪೆಟ್ಟಿಗೆ ತೆರೆದಾಗ ಹಂಡೆಯ ಅಡಿ ಒಡೆದಿದ್ದರೆ ಕೇಳುವಂತಿಲ್ಲ. ಇಟ್ಟುಕೊಂಡವರಿಗೂ ಸುಖವಿಲ್ಲ, ತಮ್ಮದೇ ಕೋಣೆಯಲ್ಲಿ ತಮ್ಮದಲ್ಲದ ಪೆಟ್ಟಿಗೆಯನ್ನು ಸುತ್ತಿಹೋಗಬೇಕು. ತಿಂಗಳ ಬಾಡಿಗೆ ಕೊಟ್ಟು ಖಾನೆ ಹಿಡಿಯುವವನು ಕೊಂಡುಕೊಳ್ಳುವುದು ಜಾಗವನ್ನಷ್ಟೇ ಅಲ್ಲ, ಈ ದಾಕ್ಷಿಣ್ಯದಿಂದ ಬಿಡುಗಡೆಯನ್ನು. ಈ ವ್ಯಾಪಾರಕ್ಕೆ ನಮ್ಮಲ್ಲಿ ಪೈಪೋಟಿ ಇರುವುದು ಇನ್ನೊಂದು ಗೋದಾಮಿನಿಂದಲ್ಲ, ಚಿಕ್ಕಮ್ಮನ ಮನೆಯ ಉಪ್ಪರಿಗೆಯಿಂದ. ಆ ಉಪ್ಪರಿಗೆಗಳೂ ಕಡಿಮೆಯಾಗುತ್ತಿವೆ ಎಂಬುದೇ ವ್ಯಾಪಾರಿಗೆ ಅನುಕೂಲ.

ಇನ್ನು ಬೀಗದ ಕೈಯ ಪ್ರಶ್ನೆ. ಇದನ್ನು ನಮ್ಮ ಹಿಂದಿನವರು ಬಹಳ ಸೂಕ್ಷ್ಮವಾಗಿ ಯೋಚಿಸಿದ್ದರು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಉಪನಿಧಿ ಎಂಬ ಒಂದು ಪ್ರಕರಣವೇ ಇದೆ. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ನಮ್ಮ ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಬರೆದವನು. ಲೆಕ್ಕ ಮಾಡಿ, ತೋರಿಸಿ, ಒಪ್ಪಿಸಿದ್ದು ನಿಕ್ಷೇಪ. ಪೆಟ್ಟಿಗೆಯೊಳಗಿಟ್ಟು, ಮುಚ್ಚಿ, ಒಳಗೇನಿದೆಯೆಂದು ಹೇಳದೆ ಇನ್ನೊಬ್ಬರ ವಶಕ್ಕೆ ಕೊಟ್ಟದ್ದು ಉಪನಿಧಿ. ಅದನ್ನು ಕೊಟ್ಟಂತೆಯೇ, ಮುಚ್ಚಿದ್ದು ಮುಚ್ಚಿದ ಹಾಗೆಯೇ ಹಿಂದಿರುಗಿಸಬೇಕು. ರಾಜನಿಂದ, ದೈವದಿಂದ, ಕಳ್ಳರಿಂದ ನಾಶವಾದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯ ಕೇಳಿದಾಗ ಕೊಡದೆ ಇಟ್ಟುಕೊಂಡು ಅನಂತರ ಹೋದರೆ, ಬೆಲೆಯನ್ನೂ ಕೊಡಬೇಕು, ಅಷ್ಟೇ ದಂಡವನ್ನೂ ತೆರಬೇಕು. ಬೆಂಗಳೂರಿನ ಗೋದಾಮಿನವರು ಪಟ್ಟಿ ಮಾಡಿ ಒಯ್ಯುವುದು ನಿಕ್ಷೇಪ. ಗ್ರಾಹಕನೇ ಬೀಗ ಹಾಕಿ ಹೋಗುವ ಖಾನೆಯೊಳಗಿನದು ಉಪನಿಧಿಯ ಜಾತಿಗೆ ಹತ್ತಿರವಾದದ್ದು.

ಇಂದಿನ ಕಾನೂನಿನಲ್ಲಿಯೂ ಈ ಭೇದ ಉಳಿದಿದೆ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ವಸ್ತುವನ್ನು ವಶಕ್ಕೆ ಪಡೆದವನು, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು. ಅಷ್ಟು ಮಾಡಿಯೂ ಕೆಟ್ಟರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅವನ ಮೇಲೆ ಹೊಣೆ ಬೀಳದು. ಆದರೆ ಬೀಗದ ಕೈಯೇ ಗ್ರಾಹಕನಲ್ಲಿರುವಾಗ ವಸ್ತು ಯಾರ ವಶದಲ್ಲಿದೆ? ಕಟ್ಟಡದ ಒಡೆಯ 'ನಾನು ಕೊಟ್ಟದ್ದು ಬರಿಯ ಜಾಗ' ಎನ್ನಬಹುದು. ಬ್ಯಾಂಕುಗಳು ತಮ್ಮ ಲಾಕರುಗಳ ವಿಷಯದಲ್ಲಿ ಬಹುಕಾಲ ಹೀಗೆಯೇ ಹೇಳುತ್ತ ಬಂದಿದ್ದವು. 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಹಾಗೆ ಕೈ ತೊಳೆದುಕೊಳ್ಳುವಂತಿಲ್ಲವೆಂದು ತೀರ್ಪು ಕೊಟ್ಟಿತು. ರಿಸರ್ವ್ ಬ್ಯಾಂಕಿನ ಹೊಸ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದವು. ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ, ನೌಕರರ ಮೋಸ ಇವುಗಳಿಂದ ನಷ್ಟವಾದರೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಹೊಣೆ. ಬ್ಯಾಂಕಿನ ತಪ್ಪಿಲ್ಲದೆ ನೆರೆ, ಸಿಡಿಲು, ಭೂಕಂಪಗಳಿಂದಾದ ನಷ್ಟಕ್ಕೆ ಹೊಣೆಯಿಲ್ಲ. ದೈವವನ್ನು ಯಾಜ್ಞವಲ್ಕ್ಯನೂ ಬಿಟ್ಟ, ರಿಸರ್ವ್ ಬ್ಯಾಂಕೂ ಬಿಟ್ಟಿತು. ಕಳ್ಳನನ್ನು ಮಾತ್ರ ಸ್ಮೃತಿಕಾರ ಕ್ಷಮಿಸಿದಂತೆ ಬ್ಯಾಂಕಿನ ನಿಯಮ ಕ್ಷಮಿಸಲಿಲ್ಲ. ಲಾಕರಿನ ನಿಯಮ ಖಾನೆಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಆದರೂ ಹೊಸದಾಗಿ ಈ ಉದ್ಯೋಗಕ್ಕೆ ಇಳಿಯುವವನು ತನ್ನ ಕರಾರಿನಲ್ಲಿ ಹೊಣೆಯ ಮಿತಿಯನ್ನು ಅದೇ ರೀತಿ ಸ್ಪಷ್ಟವಾಗಿ ಬರೆದುಬಿಡುವುದು ಮರ್ಯಾದೆಯ ಕ್ರಮ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ ಊರು ಇದು. ಆ ಎರಡೂ ಹೆಸರುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಆದರೂ ಠೇವಣಿ ಇಡುವವನ ಮನಸ್ಸನ್ನು ಬಲ್ಲ ಜನ ಇಲ್ಲಿ ಇನ್ನೂ ಇದ್ದಾರೆ.

ಕೊಟ್ಟಂತೆಯೇ ಹಿಂದಿರುಗಿಸಬೇಕು ಎಂಬ ಮಾತು ಕಲ್ಯಾಣದ ಒಣನೆಲದಲ್ಲಿ ಸುಲಭ. ಉಡುಪಿಯಲ್ಲಿ ಅದೇ ಕಷ್ಟ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಗೋಡೆ ಸೋರದಿದ್ದರೂ ಗಾಳಿಯೇ ಒದ್ದೆ. ಗಾಳಿಯ ತೇವ ನೂರಕ್ಕೆ ಎಪ್ಪತ್ತನ್ನು ಮೀರಿ ಕೆಲವು ದಿನ ನಿಂತರೆ ಬಟ್ಟೆ, ಚರ್ಮ, ಕಾಗದ, ಮರ ಎಲ್ಲದರ ಮೇಲೂ ಬೂಸ್ಟು ಹತ್ತುತ್ತದೆ. ನಮ್ಮ ಮಳೆಗಾಲದಲ್ಲಿ ಅದು ವಾರಗಟ್ಟಲೆ ಎಂಬತ್ತರ ಮೇಲೆಯೇ ಇರುತ್ತದೆ. ಆದ್ದರಿಂದ ಇಲ್ಲಿ ಮಾರಾಟಕ್ಕಿರುವ ಸರಕು ಜಾಗವಲ್ಲ, ಒಣಗಿದ ಜಾಗ. ಇದನ್ನು ಮರೆತು ಬೆಂಗಳೂರಿನ ನಕ್ಷೆಯನ್ನು ತಂದು ಇಲ್ಲಿ ಕಟ್ಟಿದವನು ಮೊದಲ ಆಷಾಢದಲ್ಲಿಯೇ ಗಿರಾಕಿಗಳ ಮುಖ ನೋಡಲಾರದೆ ಹೋದಾನು.

ಈ ಒದ್ದೆಯನ್ನು ಹಳಬರು ಹೇಗೆ ಗೆದ್ದಿದ್ದರು? ಅಕ್ಕಿಯ ಮುಡಿಯನ್ನೇ ನೋಡಿ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಎಂದರೆ ನಲವತ್ತೆರಡು ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು, ಬಡಿದು ಬಡಿದು ಗುಂಡಗೆ ಮಾಡಿದ ಕಟ್ಟು. ಹುಲ್ಲು ತೇವವನ್ನು ತಾನು ಹೀರಿ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ದಿನವೂ ಹೊಗೆ ಮತ್ತು ಕಾವು ತಾಗಿ ಹುಳು ಹತ್ತಿರ ಸುಳಿಯದು. ಅಂಗಳದಲ್ಲಿ ಭತ್ತಕ್ಕೆ ಕಟ್ಟುತ್ತಿದ್ದ ತುಪ್ಪೆ ಅಥವಾ ತಿರಿಯೂ ಹುಲ್ಲಿನ ಹಗ್ಗದ್ದೇ. ಮಣ್ಣಿನ ಹೆಂಚೂ ಅಷ್ಟೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಮೇಲೆ ಮನೆಮನೆಗೂ ಬಂದ ಆ ಹೆಂಚಿನ ಸಂದುಗಳಲ್ಲಿ ಮಾಡು ಉಸಿರಾಡುತ್ತಿತ್ತು. ಇದಕ್ಕೆ ತದ್ವಿರುದ್ಧವಾದದ್ದು ಈಗಿನ ತಗಡಿನ ಶೀಟು. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಒದ್ದೆ ಗಾಳಿ ಅದರ ಅಡಿಯಲ್ಲಿ ಹನಿಗಟ್ಟಿ ಸಾಮಾನಿನ ಮೇಲೆ ತೊಟ್ಟಿಕ್ಕುತ್ತದೆ. 'ಮಾಡು ಸೋರುವುದಿಲ್ಲ, ಆದರೂ ಪೆಟ್ಟಿಗೆ ಒದ್ದೆ' ಎಂಬ ಒಗಟಿಗೆ ಉತ್ತರ ಇದೇ. ತಗಡಿನ ಕೆಳಗೆ ಶಾಖ ತಡೆಯುವ ಪದರವೊಂದನ್ನು ಹಾಕಲೇಬೇಕು. ಮಳೆಗಾಲಕ್ಕೆ ತೇವ ಹೀರುವ ಯಂತ್ರಗಳು ಬೇಕು. ತೇವಮಾಪಕವನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ನೆಲದಿಂದ ನಾಲ್ಕಾರು ಅಂಗುಲ ಎತ್ತರಕ್ಕೆ ಮರದ ಚೌಕಟ್ಟು ಇಟ್ಟು ಅದರ ಮೇಲೆ ಸಾಮಾನು, ಗೋಡೆಗೂ ಸಾಮಾನಿಗೂ ನಡುವೆ ಒಂದು ಗೇಣು. ಅಡಿಪಾಯದಲ್ಲಿಯೇ ಗೆದ್ದಲಿಗೆ ಮದ್ದು ಹಾಕಿಸದಿದ್ದರೆ ಆಮೇಲೆ ಹಾಕಿಸಿದ್ದೆಲ್ಲ ಅರ್ಧ ಕೆಲಸ.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಹಳೆಯ ಮನೆಗಳಲ್ಲಿ ಇಡುವುದು ಎಂದರೆ ಇಟ್ಟು ಮರೆಯುವುದಾಗಿರಲಿಲ್ಲ. ಬೇಸಗೆಯ ಬಿಸಿಲಿಗೆ ಪೆಟ್ಟಿಗೆಯ ಸೀರೆಗಳನ್ನೆಲ್ಲ ಹೊರಗೆ ಹರಡಿ, ಬೇವಿನೆಲೆಯೋ ಬಜೆಯ ಬೇರೋ ಹಾಕಿ ಮತ್ತೆ ಮಡಚಿಡುತ್ತಿದ್ದರು. ಓಲೆಗರಿಗಳನ್ನು ಆಗಾಗ ಬಿಚ್ಚಿ, ಒರಸಿ, ಎಣ್ಣೆ ಸವರಿ ಕಟ್ಟುತ್ತಿದ್ದರು. ಕಾರ್ಕಳಕ್ಕೆ ಸಮೀಪದ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಡಪತ್ರಗಳು ಈ ಮಳೆಯ ನೆಲದಲ್ಲಿ ಶತಮಾನಗಳ ಕಾಲ ಉಳಿದುಬಂದಿವೆಯೆಂದರೆ ಪೆಟ್ಟಿಗೆಯ ಗಟ್ಟಿತನವೊಂದೇ ಅದಕ್ಕೆ ಕಾರಣವಾಗಿರಲಾರದು. ಉಪನಿಧಿಯ ನಿಯಮವಾದರೋ ತೆರೆಯಬೇಡ ಎನ್ನುತ್ತದೆ. ಕರಾವಳಿಯ ಗಾಳಿ ತೆರೆದು ನೋಡು ಎನ್ನುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡವನು ಖಾನೆಯ ವ್ಯಾಪಾರಿ. ನನಗೆ ತೋರುವ ದಾರಿ ಒಂದೇ. ಮಳೆ ಬಿಟ್ಟಮೇಲೆ, ದೀಪಾವಳಿಯ ಆಸುಪಾಸಿಗೆ, ಗ್ರಾಹಕ ತಾನೇ ಬಂದೋ ತಾನು ಕಳಿಸಿದವರ ಮುಂದೆಯೋ ಖಾನೆ ತೆರೆದು ಗಾಳಿಗೊಡ್ಡಬೇಕೆಂದು ಕರಾರಿನಲ್ಲಿ ಬರೆಯುವುದು. ಬರಲಾರದವನು ಲಿಖಿತ ಒಪ್ಪಿಗೆ ಕೊಟ್ಟರೆ, ಇಬ್ಬರ ಸಮಕ್ಷಮದಲ್ಲಿ ತೆರೆದು, ಚಿತ್ರ ತೆಗೆದು ಅವನಿಗೆ ಕಳಿಸುವುದು.

ಸ್ಥಳದ ಆಯ್ಕೆಯಲ್ಲಿಯೂ ನೀರೇ ಮಾತಾಡುತ್ತದೆ. ಉಡುಪಿ ಪೇಟೆಯ ತಗ್ಗುಗಳಲ್ಲಿ ಬಾಡಿಗೆ ಅಗ್ಗವೆಂದು ಹೋಗುವವರು 2020ರ ಸೆಪ್ಟೆಂಬರ್ 20ನ್ನು ನೆನೆಯಬೇಕು. ಆ ದಿನ ಕಲ್ಸಂಕದ ಆಸುಪಾಸಿನಲ್ಲಿ ಮನೆಗಳ ನೆಲ ಅಂತಸ್ತಿಗೇ ನೀರು ನುಗ್ಗಿತ್ತು. ಮಣಿಪಾಲ ಎತ್ತರದಲ್ಲಿದೆ, ನೀರು ನಿಲ್ಲದು, ಗಿರಾಕಿಯೂ ಅಲ್ಲಿಯೇ ಇದ್ದಾನೆ. ಆದರೆ ಜಾಗಕ್ಕೆ ಬೆಲೆ ಹೆಚ್ಚು. ಕಾಪು ಹೆದ್ದಾರಿಯ ಮೇಲಿದೆ, ಲಾರಿ ಬಾಗಿಲಿಗೇ ಬರುತ್ತದೆ. ಆದರೆ 1901ರಿಂದ ನಿಂತಿರುವ ಅಲ್ಲಿಯ ದೀಪಸ್ತಂಭದ ಸುತ್ತಮುತ್ತ ಉಪ್ಪಿನ ಗಾಳಿ ಹೇಗೆ ಕಬ್ಬಿಣವನ್ನು ತಿನ್ನುತ್ತದೆಂಬುದನ್ನು ಅಲ್ಲಿಯ ಅಂಗಡಿಗಳ ಶಟರುಗಳೇ ಹೇಳುತ್ತವೆ; ಕಡಲಿನಿಂದ ಆದಷ್ಟು ಮೂಡಲಿಗೆ ಸರಿಯುವುದು ಲೇಸು. ಕಾರ್ಕಳದಲ್ಲಿ ಉಪ್ಪಿಲ್ಲ, ಬಾಡಿಗೆ ಕಡಿಮೆ, ಘಟ್ಟದ ಬುಡವಾದ್ದರಿಂದ ಮಳೆ ಇನ್ನೂ ಹೆಚ್ಚು. ಬಾಗಿಲು ಹಾಕಿದ ಮನೆಗಳ ಭಾರೀ ಸಾಮಾನು, ಎಂದರೆ ಅಪರೂಪಕ್ಕೆ ಬೇಕಾಗುವಂಥದು, ಅಲ್ಲಿರಬಹುದು. ವಿದ್ಯಾರ್ಥಿಯ ಹಾಸಿಗೆ ಮಣಿಪಾಲದಲ್ಲಿಯೇ ಇರಬೇಕು. ಕೃಷಿಭೂಮಿಯಲ್ಲಿ ಕಟ್ಟುವುದಾದರೆ ಮೊದಲು ಭೂಪರಿವರ್ತನೆಯ ಆದೇಶ ಕೈಯಲ್ಲಿರಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಲೆಕ್ಕದ ಮಾತಿಲ್ಲದೆ ವ್ಯಾಪಾರದ ಮಾತಿಲ್ಲ. ಕಲ್ಪನೆಯ ಅಂಕೆಗಳನ್ನೇ ಇಟ್ಟುಕೊಂಡು ನೋಡೋಣ. ಊರಿಂದೂರಿಗೆ ಅವು ಬದಲಾಗುತ್ತವೆ, ಅವುಗಳ ಸಂಬಂಧ ಮಾತ್ರ ಬದಲಾಗದು. 3000 ಚದರಡಿಯ ಶೆಡ್ಡು ಎಂದುಕೊಳ್ಳಿ. ಓಡಾಟದ ದಾರಿಗೆ, ಸಾಮಾನು ಇಳಿಸುವ ಜಾಗಕ್ಕೆ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಬಾಡಿಗೆಗೆ ಉಳಿದದ್ದು 2000. ಚದರಡಿಗೆ ತಿಂಗಳಿಗೆ 70 ರೂಪಾಯಿ ಎಂದರೆ ಎಲ್ಲ ಖಾನೆಗಳೂ ತುಂಬಿದಾಗ 1,40,000 ರೂಪಾಯಿ. ಖರ್ಚು? ಶೆಡ್ಡಿನ ಬಾಡಿಗೆ 60,000, ಇಬ್ಬರು ಕಾವಲುಗಾರರಿಗೆ 30,000, ವಿದ್ಯುತ್ತಿಗೆ 10,000, ವಿಮೆ ಮುಂತಾದ್ದಕ್ಕೆ 5,000, ಒಟ್ಟು 1,05,000. ಎಂದರೆ 1500 ಚದರಡಿ, ನಾಲ್ಕರಲ್ಲಿ ಮೂರು ಪಾಲು, ತುಂಬುವವರೆಗೆ ಗಂಟು ಕರಗುತ್ತಲೇ ಇರುತ್ತದೆ. ಮೊದಲ ವರ್ಷದಲ್ಲಿ ಅಷ್ಟು ತುಂಬೀತೆಂದು ನಾನಂತೂ ನಂಬಲಾರೆ. ಸ್ವಂತದ ಹಳೆಯ ಗೋದಾಮೋ ಮುಚ್ಚಿದ ಗೋಡಂಬಿ ಕಾರ್ಖಾನೆಯೋ ಇದ್ದವನಿಗೆ ಈ ಲೆಕ್ಕ ಬೇರೆಯೇ ಆಗುತ್ತದೆ. ಖರ್ಚಿನ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಉಳಿಯಿತು. ಬೆಳೆಯಲ್ಲದ ಸಾಮಾನಿನ ದಾಸ್ತಾನಿಗೆ ಶೇಕಡಾ 18ರ ಜಿ.ಎಸ್.ಟಿ. ಇದೆ, ಆದರೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿಯ ಗೋಜಿಲ್ಲ, ಮೇಲಿನ ಶೆಡ್ಡು ಪೂರ್ತಿ ತುಂಬಿದರೂ ಅಷ್ಟಾಗದು. ಈ ವ್ಯಾಪಾರದ ಒಂದು ಸ್ವಾರಸ್ಯವೆಂದರೆ ತುಂಬುವುದು ನಿಧಾನ, ಖಾಲಿಯಾಗುವುದೂ ನಿಧಾನ. ಸಾಮಾನನ್ನು ತೆಗೆಯುವ ಕಷ್ಟಕ್ಕಿಂತ ಬಾಡಿಗೆ ಕಟ್ಟುವ ಕಷ್ಟ ಸಣ್ಣದು. ಮೂರು ತಿಂಗಳಿಗೆಂದು ಬಂದವನು ಮೂರು ವರ್ಷ ಇರುತ್ತಾನೆ.

ಏನನ್ನು ಇಡಬಾರದೆಂಬ ಪಟ್ಟಿ ಉದ್ದವಾಗಿರಬೇಕು: ಅಡುಗೆ ಅನಿಲ, ಪಟಾಕಿ, ಬಣ್ಣದ ಎಣ್ಣೆ, ಧಾನ್ಯ, ನಗದು, ಚಿನ್ನ. ದ್ವಿಚಕ್ರಿಗಳ ಪೆಟ್ರೋಲು ಬರಿದು ಮಾಡಿಸಬೇಕು, ಬ್ಯಾಟರಿ ಕಳಚಿಸಬೇಕು. ಇಡುವವನ ಗುರುತಿನ ಚೀಟಿಯ ಪ್ರತಿ ಇರಬೇಕು. ಪೊಲೀಸರು ವಿಧಿವತ್ತಾಗಿ ಬಂದರೆ ಬೀಗ ಒಡೆಯಲಾಗುತ್ತದೆ ಎಂಬುದನ್ನು ಮೊದಲೇ ಹೇಳಬೇಕು.

ಇನ್ನು ಉಳಿದದ್ದು ಈ ಉದ್ಯೋಗದ ನಿಜವಾದ ಕಗ್ಗಂಟು: ಇಟ್ಟವನು ಬಾರದಿದ್ದರೆ? ಬಾಡಿಗೆ ನಿಂತಿದೆ, ಕಾಗದಕ್ಕೆ ಉತ್ತರವಿಲ್ಲ, ದೂರವಾಣಿ ಸತ್ತಿದೆ. ಅಮೆರಿಕದ ರಾಜ್ಯಗಳಲ್ಲಿ ಇದಕ್ಕೆಂದೇ ಕಾನೂನುಗಳಿವೆ. ನೋಟಿಸು ಕೊಟ್ಟು, ಗಡುವು ಮುಗಿದಮೇಲೆ ಖಾನೆಯನ್ನೇ ಹರಾಜು ಹಾಕಬಹುದು. ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತು ನೋಡಿ ಕೂಗುವ ಆ ಹರಾಜನ್ನು 2010ರಿಂದ ದೂರದರ್ಶನದ ಮೋಜಿನ ಕಾರ್ಯಕ್ರಮವಾಗಿಯೂ ಮಾಡಿದರು. ಪರರ ಮನೆಯ ತೊಟ್ಟಿಲು ಎಷ್ಟಕ್ಕೆ ಹೋಗುತ್ತದೆಂದು ನೋಡಿ ನಗುವುದು ನನಗೆ ರುಚಿಸದು. ನಮ್ಮಲ್ಲಿ ಇದಕ್ಕಾಗಿ ಪ್ರತ್ಯೇಕ ಕಾನೂನಿಲ್ಲ. ಬಾಕಿಗಾಗಿ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಸಾಮಾನ್ಯ ಹಕ್ಕನ್ನು 1872ರ ಕಾಯಿದೆ ಬ್ಯಾಂಕಿನವರು, ಬಂದರುಕಟ್ಟೆಯವರು ಮುಂತಾದ ಕೆಲವರಿಗಷ್ಟೇ ಕೊಟ್ಟಿದೆ. ಉಳಿದವರಿಗೆ ಅದು ಬೇಕಾದರೆ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಹಿಡಿದಿಡುವುದು ಬೇರೆ, ಮಾರುವುದು ಬೇರೆ. ಮಾರುವ ಹಕ್ಕನ್ನು ಕಾಯಿದೆ ಅಡವು ಹಿಡಿದವನಿಗೆ ಕೊಟ್ಟಿದೆಯೇ ಹೊರತು ಇಟ್ಟುಕೊಂಡವನಿಗೆ ತಾನಾಗಿ ಕೊಟ್ಟಿಲ್ಲ. ಆದ್ದರಿಂದ ವಕೀಲರ ಸಂಬಳವನ್ನು ಉಳಿಸಲು ಅಚ್ಚಿನ ಕರಾರನ್ನು ಎಲ್ಲಿಂದಲೋ ನಕಲು ಮಾಡುವವನು ತನ್ನ ಗುಂಡಿಯನ್ನು ತಾನೇ ತೋಡುತ್ತಾನೆ. ಎಷ್ಟು ತಿಂಗಳ ಬಾಕಿ, ಎಷ್ಟು ನೋಟಿಸು, ಯಾರ ಸಮಕ್ಷಮ, ಮಾರಿ ಉಳಿದ ಹಣ ಯಾರಿಗೆ, ಇಷ್ಟೂ ಅದರಲ್ಲಿ ಇರಬೇಕು.

ಬಾರದವರ ಸಾಮಾನು ಏನಾದೀತೆಂಬುದಕ್ಕೆ ಮಣಿಪಾಲದಲ್ಲಿಯೇ ಬೇರೊಂದು ಉತ್ತರವಿದೆ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು ಬ್ಯಾಂಕಿನಲ್ಲಿ ನೌಕರರಾಗಿದ್ದವರು. ಬೀಳುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಪಾತ್ರೆ, ಪಟಗಳನ್ನು ಕೂಡಿಹಾಕುತ್ತ ಹೋಗಿ ಕೊನೆಗೆ ಇಡೀ ಮನೆಗಳನ್ನೇ ಕಳಚಿ ತಂದು ಹಸ್ತಶಿಲ್ಪದ ಪರಂಪರಾ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ ಅಲ್ಲಿದೆ, ಮಿಯಾರಿನ ಮನೆ ಅಲ್ಲಿದೆ. ಒಂದು ಕಾಪುವಿನ ಕಡೆಯದು, ಒಂದು ಕಾರ್ಕಳದ ಕಡೆಯದು. ಅದು ಪರಂಪರೆಯ ಸಂರಕ್ಷಣೆ, ವ್ಯಾಪಾರವಲ್ಲ ಎನ್ನಬಹುದು. ನಿಜ. ಆದರೆ ಶೆಣೈಯವರ ಕೈಗೆ ಬಂದದ್ದೂ ಇಟ್ಟುಕೊಳ್ಳಲು ಜಾಗವಿಲ್ಲದವರ ಸಾಮಾನೇ. ಅಂಥದೆಲ್ಲವನ್ನೂ ಒಬ್ಬ ಮನುಷ್ಯ ಎತ್ತಿ ನಿಲ್ಲಿಸಲಾರ. ಉಳಿದದ್ದು ಗುಜರಿಯ ಗಾಡಿಗೆ ಹೋಯಿತು, ಈಗಲೂ ಹೋಗುತ್ತಿದೆ. ಹಂಡೆಗೆ ತೂಕದ ಬೆಲೆ, ಪಟದ ಚೌಕಟ್ಟಿಗೆ ಸೌದೆಯ ಬೆಲೆ.

ಆದ್ದರಿಂದ ಕರಾರಿನಲ್ಲಿ ಎರಡು ಕಲಮುಗಳನ್ನು ಸೇರಿಸಲು ನಾನು ಆ ತರುಣನಿಗೆ ಹೇಳಿದೆ. ಮೊದಲನೆಯದು, ಇಡುವವನು ಬ್ಯಾಂಕಿನ ಲಾಕರಿನಲ್ಲಿ ಮಾಡುವಂತೆ ಇನ್ನೊಬ್ಬರ ಹೆಸರನ್ನು ಬರೆದುಕೊಡಬೇಕು. ತಾನು ಬಾರದಿದ್ದರೆ, ಬರುವಂತಿಲ್ಲದಿದ್ದರೆ, ಯಾರನ್ನು ಕರೆಯಬೇಕು ಎಂದು. ಮುಂಬಯಿಯಲ್ಲಿರುವವನಿಗೆ ಊರಿನವರೊಬ್ಬರು, ಊರಿನವರಿಗೆ ಮುಂಬಯಿಯಲ್ಲಿರುವ ಮಗಳು. ಎರಡನೆಯದು, ಬಾಕಿಗಾಗಿ ಸಾಮಾನು ಮಾರಬೇಕಾಗಿ ಬಂದರೂ ಭಾವಚಿತ್ರ, ಕೈಬರಹದ ಕಾಗದ, ಓಲೆ, ಜಾತಕ, ಆಸ್ತಿಪತ್ರ, ಮನೆದೇವರ ಮೂರ್ತಿ ಇವು ಮಾರಾಟಕ್ಕೆ ಸೇರತಕ್ಕದ್ದಲ್ಲ. ಇವನ್ನು ಬೇರೆ ತೆಗೆದು, ಹೆಸರು ಬರೆದು, ಹತ್ತು ವರ್ಷ ಇಟ್ಟಿರಬೇಕು. ಅದಕ್ಕೆ ಕಛೇರಿಯ ಒಳಕೋಣೆಯಲ್ಲಿ, ನೆಲದಿಂದ ಎತ್ತರಕ್ಕೆ, ತೇವ ಹೀರುವ ಯಂತ್ರದ ಸಮೀಪದಲ್ಲಿ ಒಂದು ಕಪಾಟು ಸಾಕು; ಬಾಡಿಗೆಯ ಲೆಕ್ಕದಲ್ಲಿ ಹತ್ತು ಚದರಡಿಯ ನಷ್ಟ.